ಗಿಟಾರಿನ ತಂತಿ ಇಳಿಸಿದ ದಸರಾ

ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ನಮ್ಮ ರೋಣದ ಮನೆಯಲ್ಲಿ ಕುಂಕುಮ ಹತ್ತದ ವಸ್ತು ಇರುವುದಿಲ್ಲ. ಅಂಗಡಿಯ ತಕ್ಕಡಿ, ಕಡಲೆ ಚೀಲಕ್ಕೆ ಚುಚ್ಚಿ ಕಾಳು ತೆಗೆದು ನೋಡುವ ಕಬ್ಬಿಣದ ಕೊಳವೆ, ನನ್ನ ಹೊಲಿಗೆ ಯಂತ್ರ, ಮಗನ ಮೋಟಾರ್ ಸೈಕಲ್ಲು, ಸೊಸೆಯ ಮಿಕ್ಸರು. ಮಕ್ಕಳೇ, ಎಲ್ಲದರ ಕೊನೆಗೆ ಪಡಸಾಲೆಯ ಗೋಡೆಯಿಂದ ನಿಮ್ಮ ಅಜ್ಜನ ಕರೆಂಟಿನ ಗಿಟಾರು ಇಳಿಯುತ್ತಿತ್ತು. ಅವರು ಹೋದ ಮೇಲೆ ಅದಕ್ಕೆ ಪೂಜೆ ಮಾಡುವ ಕೆಲಸ ನಾನೇ ಇಟ್ಟುಕೊಂಡಿದ್ದೆ. ಕುತ್ತಿಗೆಗೆ ಕೊಬ್ಬರಿ ಎಣ್ಣೆ ಸವರಿ, ಮೈಮೇಲೆ ವಿಭೂತಿ ಎಳೆದು, ತಂತಿಗಳು ಕೂತುಕೊಳ್ಳುವ ಸಣ್ಣ ಸಣ್ಣ ಕುದುರೆಗಳಿಗೆ ಒಂದೊಂದಾಗಿ ಅರಿಷಿಣ ಕುಂಕುಮ ಹಚ್ಚುತ್ತಿದ್ದೆ. ನೀರಿನಲ್ಲಿ ಕಲಸಿದ ಕುಂಕುಮ. ಆಮೇಲೆ ಚೆಂಡು ಹೂವಿನ ಮಾಲೆ ಹಾಕಿ ಮತ್ತೆ ಮೊಳೆಗೆ ತೂಗುಹಾಕುವುದು. ಅದನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಅಂತಲೇ ನಾನು ತಿಳಿದಿದ್ದೆ.

ಒಂದು ದಸರೆಯ ರಜೆಗೆ ನರಗುಂದದಿಂದ ನಿಮ್ಮೆಲ್ಲರಲ್ಲಿ ದೊಡ್ಡವಳು ಬಂದಳು, ನನ್ನ ಮಗಳ ಮಗಳು. ಕಾಲೇಜಿಗೆ ಸೇರಿದ ಮೊದಲ ವರ್ಷ. ಬಂದವಳು ಚಪ್ಪಲಿ ಬಿಡುತ್ತಲೇ ಗೋಡೆ ನೋಡಿದಳು.

"ಅಜ್ಜಿ, ಆ ಗಿಟಾರ್ ಇಳಸಲೇನು?"

ಗೆಳತಿಯೊಬ್ಬಳ ಕಟ್ಟಿಗೆಯ ಗಿಟಾರಿನ ಮೇಲೆ ಅಷ್ಟಿಷ್ಟು ಕಲಿತಿದ್ದಳು. ಕಾಲೇಜಿನ ವಾರ್ಷಿಕ ಗ್ಯಾದರಿಂಗಿಗೆ ಹುಡುಗಿಯರೆಲ್ಲ ಕೂಡಿ ಒಂದು ಹಾಡು ತಯಾರು ಮಾಡುವವರಿದ್ದರು. ಗೆಳತಿ ತನ್ನ ಗಿಟಾರು ತಾನೇ ಬಾರಿಸುತ್ತಾಳೆ. ಇವಳು ತನ್ನದೊಂದು ತಂದರೆ ಜಾಗ ಉಂಟು, ಇಲ್ಲದಿದ್ದರೆ ಹಿಂದೆ ನಿಂತು ಚಪ್ಪಾಳೆ ಹೊಡೆಯಬೇಕು ಅಂದಿದ್ದರಂತೆ. ಈ ಹುಡುಗಿ ನನ್ನ ಹಾಗೆ. ನಾಲ್ಕು ಮಂದಿ ಮುಂದೆ ಬಾಯಿ ಬಿಡು ಎಂದರೆ ಬೆವರುತ್ತಾಳೆ. ಹಾಡು ಅಂದರೆ ಹಾಡುವುದಿಲ್ಲ, ಮಾತಾಡು ಅಂದರೆ ಆಡುವುದಿಲ್ಲ. "ಕೈಯಾಗ ಗಿಟಾರ್ ಇದ್ದರ ನಿಲ್ಲತೀನಿ ಅಜ್ಜಿ, ಬರೇಗೈಲೆ ನನಗ ನಿಲ್ಲಾಕ ಆಗೂದಿಲ್ಲ," ಅಂದಳು. ನನಗೆ ಆ ಮಾತು ಅರ್ಥವಾದಷ್ಟು ಮನೆಯಲ್ಲಿ ಬೇರೆ ಯಾರಿಗೂ ಆಗಲಿಲ್ಲ. ನಾನು ಬಳಗದ ಲಗ್ನಗಳಲ್ಲಿ ಸುಮ್ಮನೆ ಕೂಡಲಾರದೆ, ಬಡಿಸುವ ಬುಟ್ಟಿ ಹಿಡಿದುಕೊಂಡೇ ಇಷ್ಟು ವರ್ಷ ಕಳೆದವಳು.

ಗಿಟಾರು ಇಳಿಯಿತು. ಎರಡು ದಿನ ಹುಡುಗಿ ಅದರ ಸಂಗಡ ಗುದ್ದಾಡಿದಳು. ತಂತಿ ಒತ್ತಿದರೆ ಒತ್ತುವುದಿಲ್ಲ, ಒತ್ತಿದರೂ ಅಪಸ್ವರ. ಮೂರನೆಯ ದಿನ ಬೆರಳ ತುದಿಗಳನ್ನು ನನ್ನ ಮುಂದೆ ಹಿಡಿದಳು. ಕೆಂಪಗೆ ಗೆರೆ ಬಿದ್ದು ಒಂದು ಕಡೆ ಚರ್ಮ ಎದ್ದಿತ್ತು.

"ಇದು ಗಿಟಾರಲ್ಲಜ್ಜಿ, ಕಿಟಕಿ ಸರಳು!"

ಮಗ ಊಟಕ್ಕೆ ಕೂತಿದ್ದ. "ಅದು ಅಪ್ಪನ ಕೈಗೆ ಒಗ್ಗಿದ್ದು. ನಿಮ್ಮಂಥ ಮೆತ್ತನ ಕೈಗೆಲ್ಲ ಬಗ್ಗೂದಿಲ್ಲ. ಮತ್ತ ತೂಗ ಹಾಕು. ಪೂಜಿಗೆ ಇಡೂ ಸಾಮಾನು ಅದು."

"ನಿಂದು ಗಟ್ಟಿ ಕೈ ಅಲ್ಲಾ ಮಾಮಾ? ನೀನ ಒಂದ ಸಲ ಒತ್ತು ನೋಡೂಣು."

ಅವನು ಎಡಗೈಯಿಂದ ಒತ್ತಿದ. ಮುಖದ ಮೇಲೆ ಏನೂ ತೋರಿಸಲಿಲ್ಲ. ಆದರೆ ಕೈಯನ್ನು ಬೆನ್ನ ಹಿಂದೆ ಒಯ್ದು ಝಾಡಿಸಿದ್ದು ನನಗೆ ಕಂಡಿತು. "ರೂಢಿ ಬೇಕು," ಅಂದು ಮಜ್ಜಿಗೆ ಕೇಳಿದ.

ಮಧ್ಯಾಹ್ನ ಹುಡುಗಿ ಕಂಬಕ್ಕೆ ಒರಗಿ ಮತ್ತೆ ಗಿಟಾರು ಹಿಡಿದಳು. ನಾನು ಜೋಳ ಹಸನು ಮಾಡುತ್ತಾ ಕೂತಿದ್ದೆ. ನೋಡಿ ನೋಡಿ ಕೇಳಿದೆ:

"ಅದನ್ನ ಕೂಸಿನ್ಹಂಗ ಯಾಕ ಎತ್ತಿ ಹಿಡಿದೀಯವಾ? ನಿಮ್ಮಜ್ಜ ತೊಡಿ ಮ್ಯಾಲ ಮಲಗಸ್ಕೊಂಡು ಬಾರಸ್ತಿದ್ರು."

ಅವಳ ಕೈ ನಿಂತಿತು. "ಮಲಗಿಸಿ? ಮತ್ತ ತಂತಿ ಹ್ಯಾಂಗ ಒತ್ತತಿದ್ರು?"

"ಎಲ್ಲಿ ಒತ್ತೂದು? ಬೆರಳಿನಷ್ಟು ಒಂದು ಉಕ್ಕಿನ ಸರಳು ಇತ್ತು. ಅದನ್ನ ತಂತಿ ಮ್ಯಾಲ ಜಾರಸ್ತಿದ್ರು."

ಅಜ್ಜ ಬಾರಿಸಿದ್ದನ್ನು ನೋಡುವ ವಯಸ್ಸು ಅವಳಿಗೆ ಇರಲಿಲ್ಲ. ನಾನೋ, ಗಿಟಾರು ಎಂದರೆ ಮಲಗಿಸಿಯೇ ಬಾರಿಸುವುದು ಅಂತ ತಿಳಿದವಳು. ಟಿ.ವಿ.ಯಲ್ಲಿ ಕೊರಳಿಗೆ ಹಾಕಿಕೊಂಡು ಕುಣಿಯುವವರನ್ನು ನೋಡಿದಾಗ ಅದು ಬರೀ ತೋರಿಕೆಗೆ ಅಂದುಕೊಂಡಿದ್ದೆ. ಹುಡುಗಿ ಗಿಟಾರಿನ ಕುತ್ತಿಗೆಯ ತುದಿಯನ್ನು ಕಣ್ಣ ಹತ್ತಿರ ತಂದಳು. ತಂತಿಗಳು ಹಾದುಹೋಗುವ ಬಿಳಿ ಪಟ್ಟಿಯ ಮೇಲೆ, ಕುಂಕುಮ ಎಣ್ಣೆ ಕೂಡಿ ಕರಿ ಮೇಣದ ಹಾಗೆ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದಳು. ಒಳಗಿನಿಂದ ಒಂದು ತುಂಡು ಸೈಕಲ್ ಕಡ್ಡಿ ಕಂಡಿತು.

"ಇದು ಕೆಟ್ಟಿಲ್ಲಜ್ಜಿ! ಸರಳು ಜಾರಸಾಕಂತ ಅಜ್ಜ ಬೇಕಂತನ ತಂತಿ ಎತ್ತರ ಮಾಡ್ಯಾರ. ಈ ಕಡ್ಡಿ ತಗದು, ಆ ಕಡೆ ಕುದುರೀನೂ ಇಳಿಸಿದ್ರ ನನ್ನ ಕೈಗೆ ಬರತೈತಿ."

ಅವಳ ಮುಖ ಅರಳಿತು. ನನ್ನ ಕೈ ಮಾತ್ರ ಜೋಳದ ಮೊರದಲ್ಲೇ ನಿಂತುಬಿಟ್ಟಿತು.

ಆ ಕಡ್ಡಿ ನನಗೆ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ನಿಮ್ಮ ಅಜ್ಜ ಹುಬ್ಬಳ್ಳಿಯಿಂದ ಯಾರೋ ಬಾರಿಸಿ ಬಿಟ್ಟ ಈ ಗಿಟಾರು ತಂದಿದ್ದರು. ಹಗಲು ಕಡಲೆ ವ್ಯಾಪಾರ, ಸಂಜೆ ಗೆಳೆಯರ ಆರ್ಕೆಸ್ಟ್ರಾ. ಗಜೇಂದ್ರಗಡ, ಸೂಡಿ, ರಾಜೂರ ಅಂತ ಲಗ್ನಗಳಿಗೆ ಬಾರಿಸಲು ಹೋಗುತ್ತಿದ್ದರು. ಒಂದು ರವಿವಾರ ಹೊಸ್ತಿಲ ಮೇಲೆ ಕೂತು ಹಳೆಯ ಸೈಕಲ್ಲಿನ ಕಡ್ಡಿಯನ್ನು ಕತ್ತರಿಸಿ, ಅದರ ತುದಿ ಕಾನಸಿನಿಂದ, ಅಂದರೆ ಅರದಿಂದ ಉಜ್ಜತೊಡಗಿದರು. ಮನೆ ತುಂಬ ಮಂದಿ. ನಾನು ಅಡಿಗೆ ಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದೆ. ಅತ್ತೆಯವರು ಹಿತ್ತಲಿಗೆ ಹೋದ ಹೊತ್ತು ನೋಡಿ, "ಬಾ ಇಲ್ಲೆ. ಇದನ್ನ ಹಿಡಕೊ, ಅಲುಗಾಡಸಬ್ಯಾಡ," ಅಂದರು. ನಾನು ಗಿಟಾರಿನ ಕುತ್ತಿಗೆ ಹಿಡಿದೆ. ಅವರು ಕಡ್ಡಿ ತೂರಿಸಿ, ತಂತಿ ಬಿಗಿದು, ಸರಳು ಇಟ್ಟು ನೋಡಿ, ಮತ್ತೆ ತೆಗೆದು ಉಜ್ಜಿ, ಮತ್ತೆ ಇಟ್ಟರು. ಕೊನೆಗೆ ಸರಳು ಜಾರಿಸಿದಾಗ ಸ್ವರ ಎಲ್ಲಿಯೂ ತಡೆಯದೆ ಹರಿಯಿತು. "ಹಾಂ, ಈಗ ಬಂತು," ಅಂದು ನನ್ನ ಕಡೆ ನೋಡಿ ನಕ್ಕರು. ಆ ಗಿಟಾರನ್ನು ನಾನು ಮುಟ್ಟಿದ ಮೊದಲ ಸಲ ಅದು.

ಈಗ ಆ ಕಡ್ಡಿ ತೆಗೆದರೆ ಅವರ ಆ ಸ್ವರ ಇನ್ನು ಈ ಮನೆಯಲ್ಲಿ ಯಾವತ್ತೂ ಬರುವುದಿಲ್ಲ. ತೆಗೆಯದಿದ್ದರೆ ಈ ಹುಡುಗಿ ಚಪ್ಪಾಳೆ ಹೊಡೆಯುವವರ ಸಾಲಿನಲ್ಲಿ ನಿಲ್ಲುತ್ತಾಳೆ.

ಸಂಜೆ ಮಗನಿಗೆ ಗೊತ್ತಾಯಿತು. ಅವನು ಒಪ್ಪಲಿಲ್ಲ. "ಅಪ್ಪನ ಕೈ ಕೆಲಸ ಅವ್ವಾ ಅದು. ಒಂದ ಸಲ ಕೆಡಿಸಿದ್ರ ಮತ್ತ ಬರತೈತೇನು? ಹುಡುಗಿಗೆ ಮುಂದಿನ ವರ್ಷ ಹೊಸಾದು ಕೊಡಸ್ತೀನಿ." ಅವನ ದನಿ ಗಟ್ಟಿಯಾಗಿತ್ತು, ಆದರೆ ಕಣ್ಣು ಗೋಡೆಯ ಖಾಲಿ ಮೊಳೆಯ ಮೇಲಿತ್ತು. ಅವನದೂ ತಪ್ಪಿಲ್ಲ. ಚಿಕ್ಕವನಿದ್ದಾಗ ಆ ಸ್ವರ ಕೇಳುತ್ತಾ ಅಪ್ಪನ ಕಾಲ ಹತ್ತಿರವೇ ನಿದ್ದೆ ಹೋಗುತ್ತಿದ್ದ. ಮಾತಿಗೆ ಮಾತು ಕೊಟ್ಟು ನನಗೆ ರೂಢಿಯಿಲ್ಲ.

ಮರುದಿನ ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚುವಾಗ ಹಾದಿ ಹೊಳೆಯಿತು. ಕಪಾಟಿನಲ್ಲಿ ಹಳೆಯ ಲಗ್ನಪತ್ರಿಕೆಗಳ ರಾಶಿಯೇ ಇತ್ತು. ಗಟ್ಟಿ ಕಾಗದ ಅಂತ ನಾನು ಯಾವುದನ್ನೂ ಒಗೆಯುವುದಿಲ್ಲ. ಕತ್ತರಿ ತಗೊಂಡು ಬೆರಳಗಲದ ಚೂರುಗಳಾಗಿ ಕತ್ತರಿಸಿದೆ. ಗಿಟಾರನ್ನು ಚಾಪೆಯ ಮೇಲೆ ಮಲಗಿಸಿ, ಕುತ್ತಿಗೆಯ ನಡುವೆ ತಂತಿಯ ಕೆಳಗೆ ಒಂದರ ಮೇಲೊಂದು ಚೂರು ತೂರಿಸುತ್ತಾ ಹೋದೆ. ಇನ್ನೊಂದು ಹಾಕಿದರೆ ತಂತಿ ಎತ್ತುತ್ತದೆ ಅನ್ನುವಲ್ಲಿ ನಿಲ್ಲಿಸಿ, ಆ ಕಟ್ಟನ್ನು ಕೆಂಪು ದಾರದಿಂದ ಬಿಗಿಯಾಗಿ ಕಟ್ಟಿದೆ. ನನ್ನ ಕಿರುಬೆರಳಿನಷ್ಟು ದಪ್ಪವಾಯಿತು. ಮಗ ಅಂಗಡಿಗೆ ಹೊರಡುವಾಗ ಅವನ ಕೈಯಲ್ಲಿಟ್ಟೆ.

"ಏನವ್ವಾ ಇದು?"

"ನಿಮ್ಮಪ್ಪನ ತಂತಿ ಇದ್ದ ಎತ್ತರ. ಕಡ್ಡೀನೂ ಇದರ ಜೋಡಿ ಇಡತೀನಿ. ಯಾರರ ತೊಡಿ ಮ್ಯಾಲ ಇಟಗೊಂಡು ಬಾರಸ್ತೀನಂದ್ರ ಇದನ್ನ ತೂರಿಸಿ ಮತ್ತ ಏರಿಸಬಹುದು. ಕೆಡಸೂದಿಲ್ಲಪಾ ನಾನು. ಆದ್ರ ಇವತ್ತ ಇಳಸ್ತೀನಿ."

ಇಷ್ಟು ಉದ್ದ ಮಾತು ನಾನು ಅವನಿಗೆ ಯಾವಾಗ ಆಡಿದ್ದೆನೋ. ಅವನು ಕಟ್ಟನ್ನು ಹಿಚುಕಿ ನೋಡಿದ, ತಿರುಗಿಸಿ ನೋಡಿದ. ಮೇಲಿನ ಚೂರಿನ ಮೇಲೆ ಯಾರದೋ ಲಗ್ನದ ಬಂಗಾರದ ಅಕ್ಷರ ಅರ್ಧ ಉಳಿದಿತ್ತು. "ಇದು ಯಾರ ಲಗ್ನದ್ದು?" ಅಂದ. "ನಿಂದ," ಅಂದೆ. ನಗು ತಡೆಯಲಾರದೆ ಕಟ್ಟನ್ನು ನನಗೇ ಮರಳಿ ಕೊಟ್ಟು ಚಪ್ಪಲಿ ಮೆಟ್ಟಿದ. ಆದರೂ ಬಾಗಿಲಲ್ಲಿ ನಿಂತು, "ಪೂಜಿ ದಿನ ಅದು ಜಾಗಾದಾಗ ಇರಬೇಕು," ಅಂದೇ ಹೋದ.

ಕೆಲಸ ನಾವು ತಿಳಿದಷ್ಟು ಸುಲಭ ಇರಲಿಲ್ಲ. ಹಳೆಯ ತಂತಿ ಬಿಚ್ಚಿದೆವು, ತುಕ್ಕು ಕೈಗೆಲ್ಲ ಹತ್ತಿತು. ಕಡ್ಡಿ ಹೊರಗೆ ಬಂತು. ಆದರೆ ಕುದುರೆಗಳ ಸಣ್ಣ ಸ್ಕ್ರೂಗಳು ಕುಂಕುಮದಲ್ಲಿ ಕಲ್ಲಾಗಿದ್ದವು. ಒಂದೊಂದು ಕುದುರೆಗೆ ಎರಡೆರಡು ಸ್ಕ್ರೂ, ಅವನ್ನು ತಿರುಗಿಸಿದರೆ ಕುದುರೆ ಏರುತ್ತದೆ, ಇಳಿಯುತ್ತದೆ. ನಾನು ಭಕ್ತಿಯಿಂದ ವರ್ಷ ವರ್ಷ ಅಲ್ಲಿಯೇ ಒತ್ತಿ ಹಚ್ಚಿದ್ದು. ಹುಡುಗಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜುತ್ತಾ, "ಎಷ್ಟ ಪೂಜಿ ಮಾಡೀಯಜ್ಜಿ ಇದಕ್ಕ! ದೇವರಿಗೂ ಇಷ್ಟ ಹಚ್ಚಿಲ್ಲ ನೀನು," ಅಂತ ಕಾಡಿದಳು. ಘಾಸಲೇಟ್, ಅಂದರೆ ಸೀಮೆ ಎಣ್ಣೆಯ ಹನಿ ಬಿಟ್ಟು, ಕಾದು, ಹೊಲಿಗೆ ಯಂತ್ರದ ಸಣ್ಣ ಸ್ಕ್ರೂಡ್ರೈವರಿನಿಂದ ಹಗುರಕ್ಕೆ ತಿರುವಿದೆ. ಜೋರು ಮಾಡಿದರೆ ಸ್ಕ್ರೂವಿನ ತಲೆ ಹೋಗುತ್ತದೆ. ಬರದಿದ್ದರೆ ಮತ್ತೆ ಹನಿ, ಮತ್ತೆ ಕಾಯುವುದು. ನಡುವೆ ರೊಟ್ಟಿ ಬಡಿದು ಬಂದೆ. ಸಂಜೆಯ ಹೊತ್ತಿಗೆ ಕೊನೆಯದೊಂದು ಕಿರ್ ಅಂದು ಬಿಟ್ಟುಕೊಟ್ಟಿತು.

ಬರುವಾಗಲೇ ಅವಳು ಅಪ್ಪನಿಂದ ತರಿಸಿಕೊಂಡು ತಂದಿದ್ದ ಹೊಸ ತಂತಿ ಹಾಕಿದೆವು. ಹುರುಪಿನಲ್ಲಿ ಕುದುರೆಗಳನ್ನೆಲ್ಲ ತಳಕ್ಕೆ ಮುಟ್ಟಿಸಿಬಿಟ್ಟೆವು. ಬಾರಿಸಿದರೆ ತಗಡಿನ ಡಬ್ಬಿಯಲ್ಲಿ ಜೀರುಂಡೆ ಹಾಕಿದ ಹಾಗೆ ಜರ್ ಅಂತ ಸದ್ದು. ಕುತ್ತಿಗೆಯ ಮೇಲೆ ಅಡ್ಡಡ್ಡ ಲೋಹದ ಗೆರೆಗಳಿರುತ್ತವೆ. ಅವಳು ಫ್ರೆಟ್ ಅನ್ನುತ್ತಾಳೆ, ನಾನು ಮೆಟ್ಟಿಲು ಅನ್ನುತ್ತೇನೆ. ಗಿಟಾರಿನ ಮೈ ಕಡೆಯ ಮೆಟ್ಟಿಲುಗಳಿಗೆ ತಂತಿ ಬಡಿಯುತ್ತಿತ್ತು, ನಡುವೆ ನೋಡಿದರೆ ಇನ್ನೂ ಎತ್ತರ ನಿಂತಿತ್ತು. ಎರಡೂ ಹೇಗೆ? ಹುಡುಗಿ ಫೋನಿನಲ್ಲಿ ಯಾರೋ ಗಡ್ಡದವನ ವಿಡಿಯೋ ನೋಡಿ ಹೇಳಿದಳು: ಇಷ್ಟು ವರ್ಷ ದಪ್ಪ ತಂತಿ ಎಳೆದು ಎಳೆದು ಕುತ್ತಿಗೆ ಮುಂದಕ್ಕೆ ಬಾಗಿದೆ. ನಾನು ಗಿಟಾರನ್ನು ಎತ್ತಿ ಒಂದೇ ಕಣ್ಣಿನಿಂದ ಉದ್ದಕ್ಕೂ ನೋಡಿದೆ. ನಿಜವಾಗಿ ಬಿಲ್ಲಿನ ಹಾಗೆ ಬಗ್ಗಿತ್ತು. ಕುತ್ತಿಗೆಯ ಒಳಗೆ ಒಂದು ಕಬ್ಬಿಣದ ಸಲಾಕೆ ಇರುತ್ತದಂತೆ. ಅದರ ತುದಿ ಮೇಲುಗಡೆ ಒಂದು ತೂತಿನಲ್ಲಿದೆ, ಆರು ಮೂಲೆಯ ಕೀಲಿ ಹಾಕಿ ಬಿಗಿದರೆ ಕುತ್ತಿಗೆ ನೆಟ್ಟಗಾಗುತ್ತದೆ.

ಆ ಕೀಲಿ ಎಲ್ಲಿಂದ ತರುವುದು? ಮೋಟಾರ್ ಸೈಕಲ್ ಗ್ಯಾರೇಜಿನಲ್ಲಿ ಇರುತ್ತದೆ. ಆದರೆ ಯಾವ ಅಳತೆ? ಗಿಟಾರು ಹೊತ್ತುಕೊಂಡು ಪ್ಯಾಟಿಯಲ್ಲಿ ಹೋಗುವುದು ಇಬ್ಬರಿಗೂ ಆಗದ ಮಾತು. ಅಂಗಡಿಯವರೆಲ್ಲ ನೋಡುತ್ತಾರೆ, ಕೇಳುತ್ತಾರೆ. ನಾನು ಅಡಿಗೆ ಮನೆಗೆ ಹೋಗಿ ಹೋಳಿಗೆಗೆ ನಾದಿದ್ದ ಕಣಕದಲ್ಲಿ ಸ್ವಲ್ಪ ಮುರಿದು, ಒಣ ಹಿಟ್ಟು ಹಾಕಿ ಗಟ್ಟಿ ಮಾಡಿ, ಕಡ್ಡಿಪೆಟ್ಟಿಗೆಯ ಕಡ್ಡಿಯ ತುದಿಗೆ ಸುತ್ತಿ ಆ ತೂತಿನೊಳಗೆ ಒತ್ತಿದೆ.

"ಅಜ್ಜಿ, ಗಿಟಾರಿಗೆ ಹೋಳಿಗಿ ಉಣಸ್ತೀಯೇನು?"

ಮೆಲ್ಲಗೆ ಎಳೆದಾಗ ತುದಿಗೆ ಆರು ಮೂಲೆ ಮೂಡಿತ್ತು. ಬಿಸಿಲಲ್ಲಿಟ್ಟು ಒಣಗಿಸಿ, ಸೆರಗಿನಲ್ಲಿ ಮುಚ್ಚಿಕೊಂಡು ಗ್ಯಾರೇಜಿಗೆ ನಡೆದೆ. ಹುಡುಗಿ ನನ್ನ ಮರೆಗೆ, ನಾನು ಅಲ್ಲಿ ನಿಂತಿದ್ದ ಒಂದು ಲಾರಿಯ ಮರೆಗೆ. ಗ್ಯಾರೇಜಿನವನು ನೋಡಿ ಎದ್ದು ಬಂದ.

"ಬರ್ರಿ ಅಮ್ಮಾರ. ಏನ್ರಿ, ಗಾಡಿ ತಗೊಂಡ್ರೇನು?"

ಕಣಕದ ಕಡ್ಡಿ ಅವನ ಅಂಗೈಯಲ್ಲಿಟ್ಟು, "ಇದರ ಕೀಲಿ ಬೇಕಾಗಿತ್ರಿ," ಅಂದೆ.

ಅವನು ಅದನ್ನು ಬೆಳಕಿಗೆ ಹಿಡಿದ. ಮೂಸಿ ನೋಡಿದ. "ಇದು ಕಣಕ ಅಲ್ರೀ? ಅಮ್ಮಾರ, ನಾ ಎಂಥೆಂಥಾ ಗಿರಾಕಿ ನೋಡೀನಿ. ಹಿಟ್ಟಿನ ಗಾಡಿ ರಿಪೇರಿ ಮಾಡಿಲ್ರಿ."

ಹಿಂದೆ ಹುಡುಗಿ ಕಿಸಕ್ಕೆಂದು ನಕ್ಕಳು. ನನಗೂ ನಗು ಬಂತು. ನಕ್ಕ ಮೇಲೆ ಮಾತು ತಾನಾಗಿ ಬಂತು, ಎಲ್ಲ ಹೇಳಿದೆ. ಅವನು ಒಂದೊಂದೇ ಕೀಲಿ ಹಚ್ಚಿ ನೋಡಿ, ಸರಿಯಾಗಿ ಕೂತದ್ದನ್ನು ಕೊಟ್ಟ. "ಪೂಜಿ ದಿನ ನನಗ ಬೇಕ್ರಿ ಅದು, ಅದಕ್ಕೂ ಕುಂಕುಮ ಹಚ್ಚಬೇಕು," ಅಂದ. "ಭಾಳ ಹಚ್ಚಬ್ಯಾಡ್ರಿ," ಅಂದೆ.

ಕುತ್ತಿಗೆಗೆ ಆತುರ ನಡೆಯುವುದಿಲ್ಲ. ಕಾಲು ಸುತ್ತು ಬಿಗಿದು, ಹಾಗೆಯೇ ಬಿಟ್ಟು, ಮರುದಿನ ನೋಡಬೇಕು. ಮೊದಲ ಮೆಟ್ಟಿಲಲ್ಲೂ ಕೊನೆಯ ಮೆಟ್ಟಿಲಲ್ಲೂ ತಂತಿಯನ್ನು ಒತ್ತಿ ಹಿಡಿದರೆ, ನಡುವೆ ಒಂದು ಲಗ್ನಪತ್ರಿಕೆಯ ಚೂರು ಮಾತ್ರ ಹಾಯಬೇಕು. ಮೊದಲ ದಿನ ಮೂರು ಚೂರು ಆರಾಮಾಗಿ ಹಾದವು. ಇನ್ನೊಂದು ಕಾಲು ಸುತ್ತು. ಹುಡುಗಿಗೆ ತಾಳ್ಮೆ ಕೆಟ್ಟಿತು. ರಜೆ ಮುಗಿಯುತ್ತಾ ಬಂದಿತ್ತು, ನರಗುಂದದಿಂದ ಗೆಳತಿಯರು ಫೋನಿನ ಮೇಲೆ ಫೋನು ಮಾಡುತ್ತಿದ್ದರು.

"ಬಿಡಜ್ಜಿ, ಆಗೂದಿಲ್ಲಿದು. ನಾ ಚಪ್ಪಾಳಿನ ಹೊಡೀತೀನಿ."

"ಚಪ್ಪಾಳಿ ಹೊಡೀಲಿಕ್ಕೆ ಮಂದಿ ಇರ್ತಾರ. ನೀ ಇಲ್ಲಿ ಕೂಡು, ತಂತಿ ಒತ್ತು," ಅಂದೆ. ನನ್ನ ದನಿ ನನಗೇ ಹೊಸದೆನಿಸಿತು. ಸೊಸೆ ಅಡಿಗೆ ಮನೆಯಿಂದ ಇಣುಕಿದಳು.

ಒಂದೇ ಚೂರು ಹಾಯುವ ದಿನ ಬಂತು. ಆಮೇಲೆ ಕುದುರೆಗಳನ್ನು ತಳದಿಂದ ಅರ್ಧರ್ಧ ಸುತ್ತು ಏರಿಸುತ್ತಾ ಬಂದೆವು. ಅವಳು ಒಂದೊಂದು ಮೆಟ್ಟಿಲ ಮೇಲೂ ಒತ್ತಿ ಮೀಟುವುದು, ಎಲ್ಲಿ ಜರ್ ಅಂದರೆ ನಾನು ಆ ತಂತಿಯ ಕುದುರೆಯನ್ನು ಕೂದಲೆಳೆಯಷ್ಟು ಎತ್ತುವುದು. ದಪ್ಪ ತಂತಿ ಹೆಚ್ಚು ನಡುಗುತ್ತದೆ, ಅದಕ್ಕೆ ತುಸು ಹೆಚ್ಚು ಎತ್ತರ ಬೇಕು. ಸಣ್ಣ ತಂತಿಗೆ ಕಡಿಮೆ ಸಾಕು. ಆದರೂ ಇನ್ನೊಂದು ತೊಡಕು ಉಳಿಯಿತು. ಖಾಲಿ ತಂತಿ ಸರಿಯಾದ ಸ್ವರ ಕೊಡುತ್ತದೆ, ಅದನ್ನೇ ನಟ್ಟನಡುವೆ ಒತ್ತಿದರೆ ಸ್ವರ ಇರಬೇಕಾದದ್ದಕ್ಕಿಂತ ತುಸು ಮೇಲೆ ಹೋಗುತ್ತದೆ. ಕುದುರೆಯನ್ನು ಹಿಂದಕ್ಕೆ ಸರಿಸಿದರೆ ತಂತಿ ಉದ್ದವಾಗಿ ಸ್ವರ ಇಳಿಯುತ್ತದೆ. ಹಿಂದೆ ಸರಿಸು, ಶ್ರುತಿ ಮಾಡು, ಒತ್ತು, ಮತ್ತೆ ಸರಿಸು. ಫೋನಿನಲ್ಲಿ ಹಸಿರು ಬೆಳಕು ಬರುವವರೆಗೆ ಇಬ್ಬರೂ ಉಸಿರು ಹಿಡಿದು ಕೂತಿರುತ್ತಿದ್ದೆವು. ಒಂದೊಂದು ತಂತಿಗೆ ಹಸಿರು ಬಂದಾಗಲೂ ಅವಳು ನನ್ನ ತೊಡೆಗೆ ಹೊಡೆಯುತ್ತಿದ್ದಳು.

ಖಂಡೆ ಪೂಜೆಯ ದಿನ ಬೆಳಿಗ್ಗೆ ಮಗ ಸ್ನಾನ ಮಾಡಿ ಹರಿವಾಣ ಹಿಡಿದು ಬಂದ. ತಕ್ಕಡಿಗೆ, ಕೊಳವೆಗೆ, ಮೋಟಾರ್ ಸೈಕಲ್ಲಿಗೆ ಹಚ್ಚಿದ. ಗಿಟಾರು ಚಾಪೆಯ ಮೇಲಿತ್ತು. ಅವನು ಕುಂಕುಮದಲ್ಲಿ ಬೆರಳು ಅದ್ದಿ ಅದರ ಮೇಲೆ ಬಗ್ಗಿದ.

"ಮಾಮಾ, ಬ್ಯಾಡ!" ಹುಡುಗಿ ಚೀರಿದಳು.

"ಹಂಗಂದ್ರ ಹ್ಯಾಂಗವಾ? ಪೂಜಿ ಇಲ್ಲದ ಇರತೈತೇನು?"

ನಾನು ದೇವರ ಜಗುಲಿಯ ಮೇಲಿನ ಲಗ್ನಪತ್ರಿಕೆಯ ಕಟ್ಟನ್ನೂ ಅದರ ಜೊತೆ ಕಟ್ಟಿದ್ದ ಸೈಕಲ್ ಕಡ್ಡಿಯನ್ನೂ ತಂದು ಅವನ ಮುಂದೆ ಹಿಡಿದೆ. "ಇದಕ್ಕ ಹಚ್ಚು. ಇದು ನಿಮ್ಮಪ್ಪಂದು."

ಅವನು ಅದನ್ನು ಕೈಗೆ ತಗೊಂಡು ಹರಿವಾಣದ ಅಂಚಿಗೆ ಇಟ್ಟ. ಆಮೇಲೆ ವಿಭೂತಿ ಎಳೆದು, ಕುಂಕುಮವಿಟ್ಟು, ಮಾಲೆಯಿಂದ ಒಂದು ಹೂ ಕಿತ್ತು ಅದರ ಮೇಲಿಟ್ಟ. ಹುಡುಗಿ ಅಷ್ಟರಲ್ಲಿ ಗಿಟಾರಿನ ವೈರನ್ನು ಅಜ್ಜನ ಹಳೆಯ ಕರಿ ಸ್ಪೀಕರ್ ಪೆಟ್ಟಿಗೆಗೆ ಸಿಕ್ಕಿಸುತ್ತಿದ್ದಳು.

"ಏ, ಇವತ್ತ ಆಯುಧ ಮುಟ್ಟಬಾರದು. ವಿಶ್ರಾಂತಿ ದಿನ," ಅಂದ ಮಗ.

"ಅದು ಮೊಳಿ ಮ್ಯಾಲ ವಿಶ್ರಾಂತಿ ತಗೊಂಡದ್ದು ಸಾಕಪಾ," ಅಂದೆ. "ಬಾರಸವಾ ನೀ."

ಅವಳು ನಮ್ಮ ಕಡೆ ಬೆನ್ನು ಮಾಡಿ ಬಾರಿಸಿದಳು, ನಾಚಿಕೆ. ಸ್ವರ ಒಂದೊಂದೂ ಬಿಡಿಬಿಡಿಯಾಗಿ, ತೊಳೆದ ಕಾಳಿನಂತೆ ಬಂತು. ನಿಮ್ಮ ಅಜ್ಜನ ಸ್ವರ ಹಾಗಿರಲಿಲ್ಲ, ಅದು ಒಂದರೊಳಗೊಂದು ಹರಿಯುತ್ತಿತ್ತು. ನನಗೆ ಅದು ಬೇಕೆನಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಮಗನೂ ಕಂಬ ಹಿಡಿದು ಅದನ್ನೇ ಹುಡುಕುತ್ತಾ ಕೇಳುತ್ತಿದ್ದ. ಆದರೆ ಹುಡುಗಿಯ ಬೆರಳುಗಳು ಎಲ್ಲಿಯೂ ತಡೆಯಲಿಲ್ಲ. ಮುಖ ಕಿವಿಚಲಿಲ್ಲ. ಅರ್ಧಕ್ಕೆ ಬಂದಾಗ ತಿಳಿಯದೆಯೇ ನಮ್ಮ ಕಡೆ ತಿರುಗಿ ಕೂತಿದ್ದಳು.

ಗ್ಯಾದರಿಂಗಿನ ದಿನ ನಾನು ರೋಣದ ಬಸ್ಸು ಹತ್ತಿ ನರಗುಂದಕ್ಕೆ ಹೋದೆ. ಕೊನೆಯ ಸಾಲಿನಲ್ಲಿ, ಕಂಬದ ಪಕ್ಕದಲ್ಲಿ ಜಾಗ ಹಿಡಿದೆ. ಅವಳು ಗಿಟಾರು ಕೊರಳಿಗೆ ಹಾಕಿಕೊಂಡು ಮುಂದಿನ ಸಾಲಿನಲ್ಲಿ ನಿಂತಿದ್ದಳು. ಈ ಸಲ ಮಂದಿಗೆ ಬೆನ್ನು ಮಾಡಲಿಲ್ಲ. ಹಾಡು ಮುಗಿದಾಗ ಚಪ್ಪಾಳೆ ಹೊಡೆಯುವವರ ಸಾಲಿನಲ್ಲಿ ನಾನಿದ್ದೆ. ಅಷ್ಟು ಜೋರಾಗಿ ಹೊಡೆದದ್ದಕ್ಕೆ ಪಕ್ಕದವರು ತಿರುಗಿ ನೋಡಿದರು. ನೋಡಿದರೆ ನೋಡಲಿ ಅಂತ ಇನ್ನಷ್ಟು ಹೊಡೆದೆ.

ಗಿಟಾರು ಈಗ ಅವಳ ಹತ್ತಿರವೇ ಇದೆ. ಕಟ್ಟು ಮತ್ತು ಕಡ್ಡಿ ನಮ್ಮ ಜಗುಲಿಯ ಮೇಲಿವೆ. ಉಕ್ಕಿನ ಸರಳು ನನ್ನ ಟ್ರಂಕಿನಲ್ಲಿ ರೇಷ್ಮೆ ಕುಪ್ಪಸದೊಳಗೆ ಸುತ್ತಿಟ್ಟಿದೆ. ನಿಮ್ಮಲ್ಲಿ ಯಾರಿಗಾದರೂ ಅಜ್ಜನ ಹಾಗೆ ಬಾರಿಸುವ ಮನಸ್ಸಾದರೆ ಅಕ್ಕನನ್ನು ಕೇಳಿ ಗಿಟಾರು ತನ್ನಿರಿ. ಕಡ್ಡಿಯನ್ನು ಬಿಳಿ ಪಟ್ಟಿಯ ಮೇಲೆ ಇಡಿರಿ, ನಡುವೆ ಕಟ್ಟು ತೂರಿಸಿರಿ, ತಂತಿ ಅದನ್ನು ಮುಟ್ಟುವವರೆಗೆ ಕುದುರೆ ಏರಿಸಿರಿ. ಸ್ಕ್ರೂ ಹಗುರಾಗಿ ತಿರುಗುತ್ತವೆ. ಕುತ್ತಿಗೆ ಹಿಡಿದುಕೊಳ್ಳಲು ಒಬ್ಬರು ಬೇಕಾಗುತ್ತಾರೆ, ನನ್ನನ್ನು ಕರೆಯಿರಿ.